ಸಂದು ಕಾಣದ ಹಿನ್ನೆಲೆ

ಜಾಲತಾಣವೊಂದನ್ನು ತೆರೆದಾಗ ನಮ್ಮ ಕಣ್ಣು ಮೊದಲು ಹೋಗುವುದು ಶೀರ್ಷಿಕೆಗೆ, ಚಿತ್ರಕ್ಕೆ, ಅಕ್ಷರಕ್ಕೆ. ಅವುಗಳ ಹಿಂದೆ ಹಾಸಿಕೊಂಡಿರುವ ತೆಳುಬಣ್ಣದ ಚಿತ್ತಾರವನ್ನು ಯಾರೂ ಗಮನಿಸುವುದಿಲ್ಲ. ಗಮನಿಸಬಾರದೆಂದೇ ಅದನ್ನು ಅಲ್ಲಿಟ್ಟಿರುತ್ತಾರೆ. ಒರಟು ಕಾಗದದಂತೆ, ನಾರುಬಟ್ಟೆಯಂತೆ, ಮಣ್ಣಿನ ಗೋಡೆಯಂತೆ, ಕಸೂತಿ ಹಾಕಿದ ಸೆರಗಿನಂತೆ ಕಾಣುವ ಈ ಹಿನ್ನೆಲೆ ವಾಸ್ತವದಲ್ಲಿ ಇನ್ನೂರು ಮುನ್ನೂರು ಪಿಕ್ಸೆಲ್ ಅಗಲದ ಒಂದು ಪುಟ್ಟ ಚೌಕ. ಬ್ರೌಸರ್ ಅದೇ ಚೌಕವನ್ನು ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಮತ್ತೆ ಮತ್ತೆ ಜೋಡಿಸಿ ಪುಟವನ್ನು ತುಂಬುತ್ತದೆ. ಚೌಕದ ಬಲ ಅಂಚು ಎಡ ಅಂಚಿಗೂ ಮೇಲಂಚು ಕೆಳಂಚಿಗೂ ತಪ್ಪದೆ ಕೂಡಿಕೊಂಡರೆ ನಡುವಿನ ಸಂದು ಕಾಣುವುದಿಲ್ಲ. ಸಂದು ಕಾಣದ ಹಿನ್ನೆಲೆಯೇ ಒಳ್ಳೆಯ ಹಿನ್ನೆಲೆ ಎಂಬುದು ಈ ಕಸುಬಿನ ಮೊದಲ ಪಾಠ.

ಈ ಪಾಠವನ್ನು ನಾವು ಕಸುಬಿನ ಆಚೆಗೂ ಚೆನ್ನಾಗಿಯೇ ಕಲಿತುಬಿಟ್ಟಿದ್ದೇವೆ ಎಂಬುದು ನನ್ನ ಆತಂಕ. ಊರು ಬಿಟ್ಟು ಬಂದ ಕನ್ನಡಿಗರಾದ ನಾವು ನಮ್ಮ ಸಂಘಗಳ ಜಾಲತಾಣಗಳಿಗೆ, ರಾಜ್ಯೋತ್ಸವದ ಆಮಂತ್ರಣಗಳಿಗೆ, ಸ್ಮರಣ ಸಂಚಿಕೆಗಳ ಮುಖಪುಟಗಳಿಗೆ ನಾಡಿನ ಚಿತ್ತಾರಗಳನ್ನು ಹಿನ್ನೆಲೆಯಾಗಿ ಹಾಸುತ್ತೇವೆ. ಆ ಚಿತ್ತಾರವನ್ನು ಮಾಡಿದ ಕೈ ಯಾವುದು, ಆ ಕೈಗೆ ಸಂದದ್ದೆಷ್ಟು ಎಂಬ ಪ್ರಶ್ನೆ ಮಾತ್ರ ನಮ್ಮ ನಡುವೆ ಏಳುವುದಿಲ್ಲ. ಶ್ರಮದ ಗುರುತು ಉಳಿಯುವುದು ಸಂದಿನಲ್ಲಿ. ಅದನ್ನು ಅಳಿಸಿದ ಮೇಲೆ ಉಳಿಯುವುದು ಯಾರದೂ ಅಲ್ಲದ ಒಂದು ಅಲಂಕಾರ. ಇದನ್ನು ಅಭಿರುಚಿಯ ಪ್ರಶ್ನೆಯೆಂದು ಬದಿಗಿಡುವುದು ಸುಲಭ. ನನಗೆ ಇದು ನ್ಯಾಯದ ಪ್ರಶ್ನೆಯಾಗಿಯೇ ಕಾಣುತ್ತದೆ.

ಹಿನ್ನೆಲೆಯ ಈ ಚೌಕ ಹುಟ್ಟಿದ್ದು ಮಿತವ್ಯಯದಿಂದ. 1995ರಲ್ಲಿ ನೆಟ್‌ಸ್ಕೇಪ್ ಬ್ರೌಸರಿನ 1.1ನೆಯ ಆವೃತ್ತಿ ಪುಟದ ಹಿಂದೆ ಚಿತ್ರವನ್ನು ಹಾಸುವ ಸೌಲಭ್ಯವನ್ನು ಕೊಟ್ಟಿತು. ಆಗ ಮನೆಮನೆಯ ಇಂಟರ್‌ನೆಟ್ ಎಂದರೆ ಟೆಲಿಫೋನ್ ತಂತಿಯ ಮೇಲೆ ತೆವಳುವ ಮೋಡೆಮ್. ಇಡೀ ಪುಟದಷ್ಟು ದೊಡ್ಡ ಚಿತ್ರವನ್ನು ಕಳುಹಿಸಿದರೆ ಅದು ಬಂದು ಮುಟ್ಟುವಷ್ಟರಲ್ಲಿ ಓದುಗ ಎದ್ದು ಹೋಗಿರುತ್ತಿದ್ದ. ಆದ್ದರಿಂದ ಒಂದು ಚಿಕ್ಕ ತುಣುಕನ್ನು ಕಳುಹಿಸಿ, ಅದನ್ನೇ ಮರಳಿ ಮರಳಿ ಹಾಸುವ ಉಪಾಯ ಬಳಕೆಗೆ ಬಂತು. ಇಂದಿಗೂ ಜಾಲಪುಟದ ವಿನ್ಯಾಸ ಭಾಷೆಯಲ್ಲಿ ಹಿನ್ನೆಲೆಯ ಚಿತ್ರದ ಬಗ್ಗೆ ಬೇರೇನೂ ಹೇಳದಿದ್ದರೆ, ಅದು ತಾನಾಗಿಯೇ ಪುನರಾವರ್ತನೆಗೊಳ್ಳುತ್ತದೆ. ನಾವು ಬೇಡವೆಂದು ಬಾಯಿಬಿಟ್ಟು ಹೇಳಿದರೆ ಮಾತ್ರ ಅದು ನಿಲ್ಲುತ್ತದೆ.

ಚೌಕವನ್ನು ತಯಾರಿಸುವ ಬಗೆಯನ್ನು ಸ್ವಲ್ಪ ವಿವರಿಸಬೇಕು, ಮುಂದಿನ ಮಾತಿಗೆ ಅದು ಬೇಕು. ಒಂದು ಗೋಡೆಯ ಚಿತ್ರವನ್ನು ತೆಗೆದುಕೊಳ್ಳಿ. ಅದನ್ನು ಅಡ್ಡಕ್ಕೂ ಉದ್ದಕ್ಕೂ ಅರ್ಧದಷ್ಟು ಸರಿಸಿದರೆ ಹೊರಗಿನ ನಾಲ್ಕು ಅಂಚುಗಳು ಚಿತ್ರದ ಮಧ್ಯಕ್ಕೆ ಬಂದು ಒಂದು ಶಿಲುಬೆಯಾಕಾರದ ಬಿರುಕಾಗಿ ಕಾಣುತ್ತವೆ. ವಿನ್ಯಾಸಕಾರ ಅಕ್ಕಪಕ್ಕದ ಬಣ್ಣವನ್ನು ಎಳೆದು ಆ ಬಿರುಕನ್ನು ಮುಚ್ಚುತ್ತಾನೆ. ಇಷ್ಟಕ್ಕೆ ಕೆಲಸ ಮುಗಿಯುವುದಿಲ್ಲ. ಗೋಡೆಯ ಮೇಲೆ ಒಂದು ಕಲೆಯಿದ್ದರೆ, ಒಂದು ಮೊಳೆಯಿದ್ದರೆ, ಯಾರದೋ ಅಂಗೈ ಗುರುತಿದ್ದರೆ ಅದನ್ನೂ ಅಳಿಸಬೇಕು. ಏಕೆಂದರೆ ಒಂದೇ ಕಲೆ ನೂರು ಕಡೆ ಕಂಡ ಕೂಡಲೇ ಇದು ನೂರು ಬಾರಿ ನಕಲು ಮಾಡಿದ ಒಂದೇ ಚೌಕ ಎಂಬುದು ಬಯಲಾಗುತ್ತದೆ. ಬೇರೆಲ್ಲಿಯೂ ಇಲ್ಲದ್ದು, ಒಂದೇ ಒಂದಾಗಿರುವುದು, ಈ ಕಲೆಗೆ ಶತ್ರು. ತಾನು ಯಾರೆಂದು ಹೇಳುವ ಪ್ರತಿಯೊಂದು ಗುರುತನ್ನೂ ತೆಗೆದ ಮೇಲೆಯೇ ಗೋಡೆ ಹಿನ್ನೆಲೆಯಾಗಲು ಅರ್ಹವಾಗುತ್ತದೆ.

ಇಂಥ ಗೋಡೆಗಳನ್ನು ಹುಡುಕುವವರಿಗೆ ದೋಹಾದ ಸೂಕ್ ವಾಕಿಫ್‌ನಷ್ಟು ಸಮೃದ್ಧವಾದ ಜಾಗ ಇನ್ನೊಂದಿಲ್ಲ. ಮಣ್ಣುಬಣ್ಣದ ಗಾರೆ, ಮರದ ತೊಲೆಗಳು ಹೊರಚಾಚಿದ ಸೂರು, ಕೆತ್ತನೆಯ ಬಾಗಿಲು, ರಾಶಿ ಹಾಕಿದ ಮಸಾಲೆ, ಸುತ್ತಿಟ್ಟ ನೆಲಹಾಸು: ಎಲ್ಲಿ ಕ್ಯಾಮೆರಾ ಹಿಡಿದರೂ ಒಂದು ಟೆಕ್ಸ್ಚರ್ ಸಿಗುತ್ತದೆ. 'ವಾಕಿಫ್' ಎಂದರೆ ನಿಂತಿರುವುದು. ನಮ್ಮೂರ ರಾಜಕಾರಣವನ್ನು ಆಗಾಗ ಕಾಯಿಸುವ 'ವಕ್ಫ್' ಪದವೂ ಇದೇ ಧಾತುವಿನದು. ಕಡಲೂ ಹಳ್ಳವೂ ಕೂಡುವ ಈ ತಗ್ಗಿನಲ್ಲಿ ನೀರೇರುತ್ತಿದ್ದುದರಿಂದ ವ್ಯಾಪಾರಿಗಳು ನಿಂತೇ ಮಾರುತ್ತಿದ್ದರು, ಆದ್ದರಿಂದ ಇದು ನಿಂತ ಸಂತೆ ಎಂದು ಹೆಸರಿನ ಕಥೆ ಹೇಳುತ್ತಾರೆ. ಮರುಭೂಮಿಯ ಬದೂಯಿಗಳು ಕುರಿ, ಉಣ್ಣೆ ತಂದು ಮಾರಿ, ಕಡಲಿನ ಕಡೆಯಿಂದ ಬಂದ ದಿನಸಿಯನ್ನು ಕೊಂಡೊಯ್ಯುತ್ತಿದ್ದ ಜಾಗ ಇದು.

ಎಣ್ಣೆಯ ಹಣ ಬಂದ ಮೇಲೆ ಸಂತೆ ಸೊರಗಿತು. ಹಳೆಯ ಗೋಡೆಗಳ ಮೇಲೆ ಸಿಮೆಂಟು, ತಗಡು ಏರಿದವು. 2003ರಲ್ಲಿ ಬೆಂಕಿ ಬಿದ್ದು ಬಹುಭಾಗ ಹಾಳಾಯಿತು. ಮರುವರ್ಷದಿಂದ 2008ರವರೆಗೆ, ಕಲಾವಿದ ಮೊಹಮ್ಮದ್ ಅಲಿ ಅಬ್ದುಲ್ಲಾ ಅವರ ಮುಂದಾಳ್ತನದಲ್ಲಿ ಇಡೀ ಪ್ರದೇಶದ ಪುನರುದ್ಧಾರ ನಡೆಯಿತು. ಹೊಸ ಕಾಲದ ಕಟ್ಟಡಗಳನ್ನು ಕೆಡವಿದರು, ತಗಡಿನ ಮಾಡುಗಳನ್ನು ಕಿತ್ತು ಮರದ ತೊಲೆ, ಬಿದಿರು, ಹುಲ್ಲು ಬೆರೆಸಿದ ಮಣ್ಣಿನ ಪದರಗಳಿಂದ ಹಳೆಯ ರೀತಿಯ ಮಾಡುಗಳನ್ನು ಕಟ್ಟಿದರು. 2010ರ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿ ಈ ಕಾಮಗಾರಿಗೆ ಸ್ಥಾನ ದೊರೆಯಿತು. ಅದಕ್ಕೆ ಆ ಗೌರವ ಸಲ್ಲುವಂಥದ್ದೇ. ಕೊಲ್ಲಿಯ ನಗರಗಳಲ್ಲಿ ಎಲ್ಲ ವರ್ಗದ ಜನರೂ ಕಾಲ್ನಡಿಗೆಯಲ್ಲಿ ತಿರುಗಾಡಬಲ್ಲ ಇಂಥ ತೆರೆದ ಜಾಗಗಳು ಅಪರೂಪ.

ಆದರೆ ಇಂದು ಅಲ್ಲಿ ನಡೆಯುವವರಿಗೆ ಯಾವುದು ಬೆಂಕಿಗೆ ಮುಂಚಿನ ಗೋಡೆ, ಯಾವುದು ಆಮೇಲಿನದು ಎಂಬುದು ಸುಲಭಕ್ಕೆ ತಿಳಿಯುವುದಿಲ್ಲ. ಹಳತು ಹೊಸತರ ನಡುವಿನ ಸಂದನ್ನು ಗಾರೆ ಮುಚ್ಚಿದೆ. ಇನ್ನೊಂದು ಸಂದೂ ಮುಚ್ಚಿಹೋಗಿದೆ. ಕತಾರಿನ ಮರಳಿನಲ್ಲಿ ತೊಲೆಗಾಗುವ ಮರ ಬೆಳೆಯುವುದಿಲ್ಲ, ಬಿದಿರು ಬೆಳೆಯುವುದಿಲ್ಲ. ಕೊಲ್ಲಿಯ ಹಳೆಯ ಮನೆಗಳ ತೊಲೆಗಳು ಪೂರ್ವ ಆಫ್ರಿಕಾದ ಕಾಂಡ್ಲಾ ಕಾಡುಗಳಿಂದ ಹಾಯಿಹಡಗುಗಳಲ್ಲಿ ಬರುತ್ತಿದ್ದವು. ಹಡಗು ಕಟ್ಟುವ ತೇಗ ನಮ್ಮ ಪಶ್ಚಿಮ ಕರಾವಳಿಯ ಕಾಡುಗಳಿಂದ ಬರುತ್ತಿತ್ತು. 1966ರವರೆಗೆ ಇಲ್ಲಿನ ಅಂಗಡಿಗಳಲ್ಲಿ ಚಲಾವಣೆಯಲ್ಲಿದ್ದದ್ದು ರೂಪಾಯಿ. 'ಅರಬ್ಬೀ ಸಾಂಪ್ರದಾಯಿಕ ಗೋಡೆ' ಎಂಬ ಹೆಸರಿನಲ್ಲಿ ನಾವು ಇಳಿಸಿಕೊಳ್ಳುವ ಚೌಕ ವಾಸ್ತವದಲ್ಲಿ ಒಂದೇ ಕಡಲಿನ ಮೂರು ದಡಗಳನ್ನು ಹೊಲಿದು ಮಾಡಿದ ಬಟ್ಟೆ. ಹೊಲಿಗೆಯನ್ನು ಅಳಿಸಿದ ಮೇಲೆ ಅದು ಶುದ್ಧ, ಏಕರೂಪ, ಒಂದೇ ಮೂಲದ ಸಂಸ್ಕೃತಿಯಾಗಿ ಕಾಣುತ್ತದೆ. ಶುದ್ಧತೆಯ ಈ ಭ್ರಮೆ ಎಲ್ಲಿಗೆ ಒಯ್ಯುತ್ತದೆ ಎಂಬುದನ್ನು ನಮ್ಮ ದೇಶದ ಈಚಿನ ವರ್ಷಗಳನ್ನು ಕಂಡವರಿಗೆ ವಿವರಿಸಬೇಕಿಲ್ಲ.

ಸೂಕ್ ವಾಕಿಫ್‌ನ ಓಣಿಗಳಲ್ಲಿ ಒಂಟಿಗಾಲಿಯ ತಳ್ಳುಬಂಡಿ ಹಿಡಿದು ನಿಂತಿರುವ, ಕಂದುಗೆಂಪು ಮೇಲಂಗಿ ತೊಟ್ಟ ಹೊರೆಯಾಳುಗಳನ್ನು ನೋಡಿರುತ್ತೀರಿ. ಹಲವರು ವಯಸ್ಸಾದವರು. ಕೊಂಡ ಸಾಮಾನನ್ನು ವಾಹನದವರೆಗೆ ತಲುಪಿಸಿ, ಕೊಟ್ಟಷ್ಟು ಹಣ ಪಡೆಯುವವರು. ಅವರನ್ನು ಇಲ್ಲಿ ಕರೆಯುವ ಹೆಸರು ಹಮಾಲಿ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ, ಯಶವಂತಪುರದ ಎಪಿಎಂಸಿ ಅಂಗಳದಲ್ಲಿ, ಹುಬ್ಬಳ್ಳಿಯ ಗೋದಾಮುಗಳಲ್ಲಿ ಮೂಟೆ ಹೊರುವವರಿಗೂ ನಾವು ಅದೇ ಹೆಸರನ್ನು ಕೊಟ್ಟಿದ್ದೇವೆ. ಹೊರು ಎಂಬ ಅರ್ಥದ ಅರಬ್ಬೀ ಧಾತುವಿನಿಂದ ಬಂದ ಪದ ಅದು. ಪದ ಕಡಲು ದಾಟಿ ನಮ್ಮದಾಯಿತು, ಹೊರೆ ಮಾತ್ರ ಎರಡೂ ದಡಗಳಲ್ಲಿ ಅದೇ ಬೆನ್ನಿನ ಮೇಲೆ ಉಳಿಯಿತು. ಪ್ರವಾಸಿಗರು ಹಮಾಲಿಗಳ ಚಿತ್ರ ತೆಗೆದುಕೊಳ್ಳುವುದುಂಟು. ಅದೇ ಓಣಿಯ ಗೋಡೆಯನ್ನು ಹಿನ್ನೆಲೆಯ ಚೌಕವಾಗಿಸುವಾಗ ಮೊದಲು ಕತ್ತರಿಸಿ ಹೊರಗೆಸೆಯುವುದೂ ಅವರನ್ನೇ. ಚೌಕದಲ್ಲಿ ಮನುಷ್ಯನಿಗೆ ಜಾಗವಿಲ್ಲ; ಅವನು ಮತ್ತೆ ಮತ್ತೆ ಕಾಣಿಸಿಕೊಂಡು ಗುಟ್ಟನ್ನು ಬಿಟ್ಟುಕೊಡುತ್ತಾನೆ.

ಇದೇ ಕ್ರಿಯೆ ದೊಡ್ಡ ಪ್ರಮಾಣದಲ್ಲಿ ನಡೆದದ್ದನ್ನು ನಾವು 2022ರಲ್ಲಿ ಕಂಡೆವು. ಆ ವರ್ಷದ ನವೆಂಬರ್ 20ರಂದು ವಿಶ್ವಕಪ್ ಫುಟ್‌ಬಾಲಿನ ಮೊದಲ ಪಂದ್ಯ ನಡೆದ ಅಲ್ ಬೈತ್ ಕ್ರೀಡಾಂಗಣಕ್ಕೆ ಬದೂಯಿಗಳ ಗುಡಾರದ ರೂಪವಿದೆ. ಒಳಗೆ ಸದು ನೇಯ್ಗೆಯ ಕೆಂಪು ಕಪ್ಪು ಚಿತ್ತಾರಗಳಿವೆ. ಸದು ಎಂಬುದು ಕುರಿ, ಮೇಕೆ, ಒಂಟೆಯ ಕೂದಲಿನ ನೂಲಿನಿಂದ ಬದೂಯಿ ಹೆಂಗಸರು ನೆಲದ ಮೇಲೆ ಮಗ್ಗ ಹೂಡಿ ನೇಯುತ್ತಿದ್ದ ಬಟ್ಟೆ. ಎಮಿರೇಟ್ಸ್‌ನ ಸದುವನ್ನು ಯುನೆಸ್ಕೊ 2011ರಲ್ಲಿ ತುರ್ತಾಗಿ ಕಾಪಾಡಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಸೌದಿ ಮತ್ತು ಕುವೈತ್‌ಗಳ ಸದು 2020ರಲ್ಲಿ ಇನ್ನೊಂದು ಪಟ್ಟಿಯನ್ನು ಸೇರಿತು. ಎಂದರೆ ನೇಯುವ ಕೈಗಳು ಕಡಿಮೆಯಾಗುತ್ತಿದ್ದ ಕಾಲದಲ್ಲಿಯೇ ಅವುಗಳ ಚಿತ್ತಾರ ಕ್ರೀಡಾಂಗಣದ ಒಳಮೈಗೆ ಏರಿತು. ನೇಯ್ದವಳು ಹಿಂದೆ ಸರಿದಳು, ಚಿತ್ತಾರ ಮುಂದೆ ಬಂತು.

ಆ ಕ್ರೀಡಾಂಗಣಗಳನ್ನೂ ರಸ್ತೆಗಳನ್ನೂ ಕಟ್ಟಿದವರ ಸಂಗತಿಯೂ ಬೇರೆಯಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರ ನವೆಂಬರಿನಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2020ರ ಒಂದೇ ವರ್ಷದಲ್ಲಿ ಕತಾರಿನಲ್ಲಿ ಕೆಲಸದ ವೇಳೆಯ ಅವಘಡಗಳಿಂದ 50 ಕಾರ್ಮಿಕರು ಸತ್ತರು, 500ಕ್ಕೂ ಹೆಚ್ಚು ಮಂದಿ ತೀವ್ರವಾಗಿ ಗಾಯಗೊಂಡರು. ಇವರಲ್ಲಿ ಹೆಚ್ಚಿನವರು ಬಾಂಗ್ಲಾದೇಶ, ಭಾರತ ಮತ್ತು ನೇಪಾಳದವರು. ಆರೋಗ್ಯವಾಗಿದ್ದ ತರುಣರ ಸಾವುಗಳನ್ನು 'ಸಹಜ ಕಾರಣ' ಎಂದು ದಾಖಲಿಸಿ ಮುಗಿಸದೆ, ಹೆಚ್ಚು ಎಚ್ಚರದಿಂದ ತನಿಖೆ ಮಾಡಬೇಕೆಂದೂ ಆ ವರದಿ ಕೇಳಿತು. 'ಸಹಜ ಕಾರಣ' ಎಂಬ ಎರಡು ಪದಗಳನ್ನು ಗಮನಿಸಿ. ಒಬ್ಬೊಬ್ಬನ ಸಾವಿಗೂ ಅದರದೇ ಒಂದು ದಿನವಿದೆ, ಬಿಸಿಲಿದೆ, ಎತ್ತರವಿದೆ, ಉಸಿರು ನಿಂತ ಒಂದು ಕ್ಷಣವಿದೆ. ಅವೆಲ್ಲವನ್ನೂ ಅಳಿಸಿ ಒಂದೇ ಪದಗುಚ್ಛವನ್ನು ಕಡತದಿಂದ ಕಡತಕ್ಕೆ ಹಾಸಿದಾಗ ಸಂದಿಲ್ಲದ ಒಂದು ಹಿನ್ನೆಲೆ ಸಿದ್ಧವಾಗುತ್ತದೆ. ಅದರ ಮುಂದೆ ಉತ್ಸವ ನಡೆಯಬಹುದು.

ಕಾನೂನು ಬದಲಾಗಲಿಲ್ಲ ಎಂದು ನಾನು ಹೇಳುತ್ತಿಲ್ಲ. ಕೆಲಸ ಬದಲಿಸಲು ಹಳೆಯ ಧಣಿಯ ಒಪ್ಪಿಗೆಪತ್ರ ಬೇಕೆಂಬ ನಿಯಮ 2020ರಲ್ಲಿ ರದ್ದಾಯಿತು. 2021ರ ಮಾರ್ಚಿನಿಂದ ತಿಂಗಳಿಗೆ 1,000 ರಿಯಾಲ್‌ಗಳ ಕನಿಷ್ಠ ವೇತನ ಜಾರಿಗೆ ಬಂತು. ಅದೇ ವರ್ಷ ಬೇಸಿಗೆಯ ಹೊರಾಂಗಣ ಕೆಲಸದ ನಿಷೇಧವನ್ನು ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ, ಬೆಳಗಿನ ಹತ್ತರಿಂದ ಮಧ್ಯಾಹ್ನ ಮೂರೂವರೆಯವರೆಗೆ ವಿಸ್ತರಿಸಲಾಯಿತು. ಇವೆಲ್ಲ ಬಂದದ್ದು ಯಾರೋ ಹಿನ್ನೆಲೆಯನ್ನು ಹಿನ್ನೆಲೆಯಾಗಿ ನೋಡಲು ಒಪ್ಪದೆ, ಅದರ ಸಂದಿಗೆ ಬೆರಳಿಟ್ಟು ತೋರಿಸಿದ್ದರಿಂದ. ಆ ಕೆಲಸವನ್ನು ಮಾಡಿದವರಲ್ಲಿ ಪತ್ರಕರ್ತರಿದ್ದರು, ಕಾರ್ಮಿಕ ಸಂಘಟನೆಗಳಿದ್ದವು, ತಮ್ಮ ಕೆಲಸವನ್ನೇ ಪಣಕ್ಕಿಟ್ಟು ಮಾತನಾಡಿದ ಕಾರ್ಮಿಕರಿದ್ದರು. ಸುಸ್ಥಿತಿಯಲ್ಲಿರುವ ನಮ್ಮ ವಲಸಿಗ ಮಧ್ಯಮವರ್ಗದ ಪಾಲು ಅದರಲ್ಲಿ ಎಷ್ಟಿತ್ತು ಎಂಬುದನ್ನು ನಾವೇ ಕೇಳಿಕೊಳ್ಳಬೇಕು.

ಅರಬ್ಬೀ ಚಿತ್ತಾರದ ಮಾತು ಹಾಗಿರಲಿ, ನಮ್ಮದೇ ಚಿತ್ತಾರಗಳ ಗತಿ ನೋಡೋಣ. ಧಾರವಾಡ ಸೀಮೆಯ ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ನಾಲ್ಕು ಬಗೆಯ ಹೊಲಿಗೆಗಳಿವೆ. ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವುದಿಲ್ಲ. ಹಾಸು ಹೊಕ್ಕಿನ ಎಳೆಗಳನ್ನು ಎಣಿಸಿ ಎಣಿಸಿ ಗೋಪುರ, ತೇರು, ತುಳಸಿಕಟ್ಟೆ, ಆನೆಗಳನ್ನು ಮೂಡಿಸುತ್ತಾರೆ. ಗವಂತಿಯಲ್ಲಿ ಸೂಜಿ ಹೋಗುವಾಗ ಬಿಟ್ಟ ಜಾಗವನ್ನು ಮರಳಿ ಬರುವಾಗ ತುಂಬಬೇಕು. ಬಟ್ಟೆಯ ಎರಡೂ ಬದಿ ಒಂದೇ ರೀತಿ ಕಾಣಬೇಕು, ಗಂಟು ಕಾಣಬಾರದು. ಹಾಗಾದರೆ ಕಸೂತಿಯೂ ಸಂದನ್ನು ಮುಚ್ಚುವ ಕಲೆಯಲ್ಲವೇ ಎಂದು ಕೇಳಬಹುದು. ಹೌದು. ಆದರೆ ಅಲ್ಲಿ ಗಂಟನ್ನು ಮರೆಮಾಡುವವಳು ಹೊಲಿಯುವವಳೇ. ಅದು ಅವಳ ಕೈಚಳಕದ ಹೆಮ್ಮೆ. ಅವಳ ಕೈಯನ್ನೇ ಮರೆಮಾಡುವುದು ಬೇರೆ ಮಾತು, ಅದನ್ನು ಮಾಡುವವರು ನಾವು.

ಇಳಕಲ್ ಸೀರೆಯಲ್ಲಿ ಒಡಲಿನ ಹಾಸಿನ ಎಳೆಗಳನ್ನೂ ಸೆರಗಿನ ಹಾಸಿನ ಎಳೆಗಳನ್ನೂ ಒಂದೊಂದಾಗಿ ಕುಣಿಕೆ ಹಾಕಿ ಕೂಡಿಸುತ್ತಾರೆ; ಅದಕ್ಕೆ ಕೊಂಡಿ ಎಂಬ ಹೆಸರಿದೆ. ಬೇರೆ ಬೇರೆ ನೂಲಿನ ಎರಡು ಭಾಗಗಳು ಒಂದು ಸೀರೆಯಾಗುವುದು ಆ ಸಂದಿನಲ್ಲಿ. ಸೀರೆಯನ್ನು ಇಳಕಲ್ ಆಗಿಸುವ ವಿದ್ಯೆ ಇರುವುದೂ ಅಲ್ಲಿಯೇ. ಸೆರಗಿನ ಚಿತ್ರ ತೆಗೆದು ಅದರಿಂದ ಹಿನ್ನೆಲೆಯ ಚೌಕವನ್ನು ಕತ್ತರಿಸುವಾಗ ಕೊಂಡಿಯ ಸಾಲು ಮೊದಲಿಗೆ ಹೊರಗೆ ಬೀಳುತ್ತದೆ. ಉಳಿಯುವುದು ಕೆಂಪು ಬಿಳಿಯ ಒಂದು ಸಾಲು. ಸಾಗರ ಸೀಮೆಯ ದೀವರ ಹೆಂಗಸರು ಮಣ್ಣುಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರಕ್ಕೂ ಇದೇ ಆಗುತ್ತಿದೆ. ಮದುವೆಯ ಮನೆಯೂ ಇಲ್ಲ, ಗೋಡೆಯೂ ಇಲ್ಲ, ಬರೆದವಳೂ ಇಲ್ಲ. ಗೆರೆಗಳ ಒಂದು ಜಾಲ ಮಾತ್ರ ಯಾವುದೋ ಆಮಂತ್ರಣದ ಹಿಂದೆ ಮಸುಕಾಗಿ ತೇಲುತ್ತಿರುತ್ತದೆ.

ಕಾನೂನಿನಲ್ಲಿ ಇದಕ್ಕೆ ಪರಿಹಾರ ಹುಡುಕಿದರೆ ಕೈಗೆ ಸಿಗುವುದು ಅಲ್ಪ. ಕಸೂತಿಗೂ ಇಳಕಲ್ ಸೀರೆಗೂ ಭೌಗೋಳಿಕ ಸೂಚಿಕೆಯ ಮಾನ್ಯತೆಯಿದೆ. ಆದರೆ ಆ ಕಾನೂನು ಕಾಯುವುದು ಸರಕಿನ ಹೆಸರನ್ನು; ಬೇರೆ ಊರಿನ ಬಟ್ಟೆಯನ್ನು ಇಳಕಲ್ ಎಂದು ಮಾರಬಾರದು, ಅಷ್ಟೆ. ಚಿತ್ತಾರದ ಚಿತ್ರವನ್ನು ಚೌಕವಾಗಿಸಿ ಮಾರುವವನನ್ನು ಅದು ತಡೆಯಲಾರದು. ಕೃತಿಸ್ವಾಮ್ಯದ ಕಾನೂನು ಒಬ್ಬ ಕರ್ತೃವನ್ನೂ ಒಂದು ಕಾಲಮಿತಿಯನ್ನೂ ಕೇಳುತ್ತದೆ. ತಲೆಮಾರುಗಳಿಂದ ಬಂದ ಗೋಪುರದ ಬುಟ್ಟಿಗೆ ಎರಡೂ ಇಲ್ಲ. ವಿಶ್ವ ಬೌದ್ಧಿಕ ಸ್ವತ್ತು ಸಂಸ್ಥೆ 2024ರ ಮೇ ತಿಂಗಳಲ್ಲಿ ಸಾಂಪ್ರದಾಯಿಕ ಜ್ಞಾನದ ಬಗ್ಗೆ ಒಪ್ಪಂದವೊಂದನ್ನು ಅಂಗೀಕರಿಸಿತು, ಆದರೆ ಅದರ ವ್ಯಾಪ್ತಿ ಪೇಟೆಂಟ್ ಅರ್ಜಿಗಳಿಗೆ ಸೀಮಿತ. ಚಿತ್ತಾರ, ಹಾಡು, ಕುಣಿತಗಳಂಥ ಸಾಂಪ್ರದಾಯಿಕ ಅಭಿವ್ಯಕ್ತಿಗಳು ಆ ಒಪ್ಪಂದದ ಹೊರಗೇ ಉಳಿದವು. ಹೀಗಾಗಿ ಚಿತ್ರ ಮಾರುವ ತಾಣಗಳಲ್ಲಿ 'ರಾಯಲ್ಟಿ ಫ್ರೀ' ಎಂಬ ಹಣೆಪಟ್ಟಿಯೊಂದಿಗೆ ಸಿಗುವ ನಾಡಿನ ಚಿತ್ತಾರಕ್ಕೆ ಯಾರ ಗೌರವಧನದಿಂದ ಬಿಡುಗಡೆ ಸಿಕ್ಕಿದೆ ಎಂದು ಕೇಳಿದರೆ ಉತ್ತರಿಸುವವರಿಲ್ಲ. ಚೌಕವನ್ನು ಕತ್ತರಿಸಿದವನಿಗೆ ದುಡ್ಡು ಬರಬಹುದು, ಎಳೆ ಎಣಿಸಿದವಳಿಗೆ ಬರುವುದಿಲ್ಲ.

ಇಲ್ಲೊಂದು ಆಕ್ಷೇಪವನ್ನು ಎದುರಿಸಲೇಬೇಕು. ಚಿತ್ತಾರಗಳು ಎಂದಿನಿಂದಲೂ ಗಡಿ ದಾಟಿವೆ, ಯಾರ ಸ್ವತ್ತೂ ಆಗಿಲ್ಲ; ಅವುಗಳ ಮೇಲೆ ಒಡೆತನ ಸಾಧಿಸಹೊರಟರೆ ನಾವು ವಿರೋಧಿಸುವ ಸಂಕುಚಿತ ಸಂಸ್ಕೃತಿವಾದಕ್ಕೇ ಬಾಗಿಲು ತೆರೆದಂತಾಗುವುದಿಲ್ಲವೇ? ಈ ಮಾತಿನಲ್ಲಿ ನಿಜವಿದೆ. ಕಾಶ್ಮೀರದ ಶಾಲಿನ ಮಾವಿನಕಾಯಿ ಬುಟ್ಟಿಗೆ ಅದನ್ನು ಯಂತ್ರದಲ್ಲಿ ನೇಯ್ದು ಮಾರಿದ ಸ್ಕಾಟ್ಲೆಂಡಿನ ಪೇಸ್ಲಿ ಪಟ್ಟಣದ ಹೆಸರು ಬಂತು. ಇದರಲ್ಲಿ ನಾನು ಕಾಣುವ ಅನ್ಯಾಯ ಚಿತ್ತಾರ ಸ್ಕಾಟ್ಲೆಂಡಿಗೆ ಹೋದದ್ದಲ್ಲ, ಕಾಶ್ಮೀರದ ನೇಕಾರನ ಹೆಸರು ದಾರಿಯಲ್ಲಿ ಉದುರಿಹೋದದ್ದು. ಬೇಲಿ ಹಾಕಿ ಎಂದು ನಾನು ಕೇಳುತ್ತಿಲ್ಲ. ಚಿತ್ತಾರ ಪಯಣಿಸಲಿ, ಅದರ ಜತೆಗೆ ಹೆಸರೂ ಪಯಣಿಸಲಿ, ಕೂಲಿಯೂ ಹಿಂದಿರುಗಲಿ ಎಂಬುದಷ್ಟೇ ಬೇಡಿಕೆ. ಎಲ್ಲಿಂದ ಬಂತು ಎಂಬುದನ್ನು ಹೇಳಿದಾಗಲೇ ಬೆರಕೆ ಕಾಣುವುದು. ಮೂಲವನ್ನು ಅಳಿಸಿದಾಗ ಶುದ್ಧತೆಯವರಿಗೆ ಅನುಕೂಲ.

ನಮ್ಮ ಪರಂಪರೆಯಲ್ಲಿ ಕುಶಲಕರ್ಮಿಗಳು ಹೆಸರಿಲ್ಲದೆ ದುಡಿದರು, ಅನಾಮಿಕತೆಯೇ ಅವರ ಹಿರಿಮೆ ಎಂಬ ಮಾತನ್ನೂ ಆಗಾಗ ಕೇಳುತ್ತೇವೆ. ಕರ್ನಾಟಕದ ಕಲ್ಲುಗಳೇ ಇದನ್ನು ಅಲ್ಲಗಳೆಯುತ್ತವೆ. ಬೇಲೂರಿನ ಶಿಲ್ಪಗಳಲ್ಲಿ ಬಳ್ಳಿಗಾವೆಯ ದಾಸೋಜನ ಹೆಸರಿದೆ, ಅವನ ಮಗ ಚಾವಣನ ಹೆಸರಿದೆ. ಸೋಮನಾಥಪುರದಲ್ಲಿ ಮಲ್ಲಿತಮ್ಮ ತನ್ನ ಹೆಸರನ್ನು ಮತ್ತೆ ಮತ್ತೆ ಕೆತ್ತಿದ್ದಾನೆ. ಹೊಯ್ಸಳ ಗುಡಿಗಳ ಬುಡದಲ್ಲಿ ಸುತ್ತಲೂ ಸಾಗುವ ಆನೆಗಳ ಪಟ್ಟಿಕೆ ದೂರದಿಂದ ಒಂದೇ ಅಚ್ಚಿನ ಪುನರಾವರ್ತನೆಯಂತೆ ಕಾಣುತ್ತದೆ. ಹತ್ತಿರ ಹೋದರೆ ಸೊಂಡಿಲಿನ ಬಾಗು, ಹೆಜ್ಜೆಯ ಭಾರ ಬೇರೆಯಾಗುತ್ತ ಹೋಗುತ್ತದೆ. ವಿಜಯಪುರದ ಇಬ್ರಾಹಿಂ ರೋಜಾದ ಶಾಸನ ಅದನ್ನು ಕಟ್ಟಿದ ಮಲಿಕ್ ಸಂದಲ್‌ನ ಹೆಸರನ್ನು ಹೇಳುತ್ತದೆ. ವಚನಕಾರರ ಹೆಸರುಗಳನ್ನು ನೆನೆಯಿರಿ: ಜೇಡರ ದಾಸಿಮಯ್ಯ, ಅಂಬಿಗರ ಚೌಡಯ್ಯ, ಮಾದಾರ ಚೆನ್ನಯ್ಯ, ಆಯ್ದಕ್ಕಿ ಲಕ್ಕಮ್ಮ. ಅಲ್ಲಿ ಕಾಯಕ ಹೆಸರಿನ ಮುಂದೆಯೇ ನಿಂತಿದೆ. ಅನಾಮಿಕತೆ ನಮ್ಮ ಹಿರಿಯರು ಬಿಟ್ಟುಹೋದ ಆಸ್ತಿಯಲ್ಲ. ಬಹುಮಟ್ಟಿಗೆ ಅದು ಮಾರುಕಟ್ಟೆಗೆ ಅನುಕೂಲವೆಂದು ನಾವು ಕಟ್ಟಿಕೊಂಡ ಕಥೆ.

ಸೂಕ್ ವಾಕಿಫ್‌ನಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ, ಮುಶೈರಿಬ್‌ನ ಹಳೆಯ ಮನೆಗಳಲ್ಲಿ, ಬಿನ್ ಜಲ್ಮೂದ್ ಮನೆ ಎಂಬ ವಸ್ತುಸಂಗ್ರಹಾಲಯವಿದೆ. ಗುಲಾಮರ ವ್ಯಾಪಾರಿಯೊಬ್ಬನ ಮನೆಯಾಗಿದ್ದ ಅದು 2015ರಿಂದ ಗುಲಾಮಗಿರಿಯ ಚರಿತ್ರೆಯನ್ನು ಹೇಳುತ್ತಿದೆ. ಹಿಂದೂ ಮಹಾಸಾಗರದ ಗುಲಾಮ ವ್ಯಾಪಾರ, ಮುತ್ತು ತೆಗೆಯಲು ಕಡಲಿಗಿಳಿದ ಆಫ್ರಿಕನ್ನರು, 1952ರಲ್ಲಿ ಕತಾರಿನಲ್ಲಿ ಗುಲಾಮಗಿರಿ ರದ್ದಾದದ್ದು, ಇಂದಿನ ಜೀತದ ರೂಪಗಳು, ಎಲ್ಲವೂ ಅಲ್ಲಿವೆ. ಸಂತೆಯ ಗೋಡೆ ಮುಚ್ಚಿದ್ದನ್ನು ಪಕ್ಕದ ಮನೆ ತೆರೆದು ತೋರಿಸುತ್ತಿದೆ. ಒಂದು ದೇಶ ತನ್ನ ಸಂದನ್ನು ತಾನೇ ತೋರಿಸಿಕೊಂಡ ಈ ಉದಾಹರಣೆಯನ್ನು ಮೆಚ್ಚಬೇಕು. ಸೂಕ್‌ಗೆ ಬರುವ ನಮ್ಮವರು ಅಲ್ಲಿಗೂ ಹೋಗಬೇಕು.

ಕನ್ನಡಿಗರು ಅಲ್ಲಿಗೆ ಹೋಗಲು ಇನ್ನೊಂದು ಕಾರಣವೂ ಇದೆ. ಅದೇ ಕಡಲಿನ ಅದೇ ವ್ಯಾಪಾರ ಉತ್ತರ ಕನ್ನಡದ ಸಿದ್ದಿಗಳ ಪೂರ್ವಿಕರನ್ನೂ ಆಫ್ರಿಕಾದಿಂದ ನಮ್ಮ ಕರಾವಳಿಗೆ ತಂದಿತು. ಪೋರ್ಚುಗೀಸರ ಗೋವಾದಿಂದ ತಪ್ಪಿಸಿಕೊಂಡು ಅನೇಕರು ಘಟ್ಟದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಸಿದ್ದಿ ಹೆಂಗಸರು ಹೊಲಿಯುವ ಕೌದಿಯನ್ನು ನೋಡಿ. ಹರಿದ ಸೀರೆ, ಹಳೆಯ ಅಂಗಿ, ಮಕ್ಕಳ ಲಂಗಗಳ ತುಂಡುಗಳನ್ನು ಅಂಚಿನಿಂದ ಆರಂಭಿಸಿ ನಡುವಿನತ್ತ ಸುತ್ತುತ್ತ ಹೊಲಿಯುತ್ತ ಬರುತ್ತಾರೆ. ನಾಲ್ಕು ಮೂಲೆಗಳಿಗೆ ಮಡಿಸಿದ ತ್ರಿಕೋನದ 'ಫೂಲ'ಗಳನ್ನು ಕೂರಿಸುತ್ತಾರೆ. ಅವಿಲ್ಲದ ಕೌದಿ ಬತ್ತಲೆ ಎನ್ನುತ್ತಾರೆ. ಕೌದಿಯಲ್ಲಿ ಸಂದನ್ನು ಮುಚ್ಚುವ ಪ್ರಯತ್ನವೇ ಇಲ್ಲ. ಹೊಲಿಗೆಯ ಸಾಲೇ ಅದರ ಚಿತ್ತಾರ. ಪ್ರತಿ ತುಂಡೂ ಯಾರ ಮೈಮೇಲಿದ್ದ ಬಟ್ಟೆ ಎಂಬುದು ಹೊಲಿದವಳಿಗೆ ಗೊತ್ತು. ಅದರಿಂದ ಚೌಕ ಕತ್ತರಿಸಿ ಪುನರಾವರ್ತಿಸಿದರೆ ಕೂಡಲೇ ಸುಳ್ಳು ಗೊತ್ತಾಗುತ್ತದೆ, ಏಕೆಂದರೆ ಕೌದಿಯಲ್ಲಿ ಎಲ್ಲವೂ ಒಂದೇ ಒಂದು.

ಹಿನ್ನೆಲೆ ಎಂದರೆ ಕಾಣದಿರಬೇಕು ಎಂಬುದು ಅನಿವಾರ್ಯವೂ ಅಲ್ಲ. ಯಕ್ಷಗಾನದಲ್ಲಿ ಹಿಮ್ಮೇಳ ರಂಗದ ಮೇಲೆಯೇ, ಎಲ್ಲರ ಕಣ್ಣೆದುರಿಗೇ ಇರುತ್ತದೆ. ಭಾಗವತರು ಪದ ಎತ್ತಿದ ಮೇಲೆಯೇ ವೇಷ ಕುಣಿಯುತ್ತದೆ. ಭಾಗವತರೇ ಮೇಳದ ಮೊದಲ ವೇಷಧಾರಿ ಎಂಬ ಮಾತೇ ಇದೆ. ಚೆಂಡೆ ಮದ್ದಳೆಯವರ ಹೆಸರುಗಳನ್ನು ಜನ ಬಲ್ಲರು, ಅವರ ಕೈಚಳಕಕ್ಕಾಗಿಯೇ ಆಟಕ್ಕೆ ಬರುವವರಿದ್ದಾರೆ. ಕೊಲ್ಲಿಯ ಸಭಾಂಗಣಗಳಲ್ಲಿ ಯಕ್ಷಗಾನ ಆಡಿಸಿ ಹೆಮ್ಮೆಪಡುವ ನಮ್ಮ ಸಂಘಗಳು ಈ ಪಾಠವನ್ನು ಕಲೆಗೆ ಮಾತ್ರ ಸೀಮಿತಗೊಳಿಸಬೇಕಾಗಿಲ್ಲ. ಸಮಾರಂಭದ ದಿನ ವೇದಿಕೆಯ ಮೇಲೆ ಶಾಲು ಹೊದಿಸಿಕೊಳ್ಳುವವರು ಯಾರು, ಕುರ್ಚಿ ಹೊತ್ತು, ವಾಹನ ಓಡಿಸಿ, ಅಡುಗೆ ಮಾಡಿ ಹಿಂದೆ ಉಳಿಯುವ ಕನ್ನಡಿಗರು ಯಾರು ಎಂಬುದನ್ನು ಎಣಿಸಿದರೆ ನಮ್ಮ ಮುಮ್ಮೇಳ ಹಿಮ್ಮೇಳಗಳ ಲೆಕ್ಕ ಸಿಕ್ಕುತ್ತದೆ.

ಹಾಗಾದರೆ ಏನು ಮಾಡಬೇಕು? ಕೆಲವು ಕೆಲಸಗಳು ಚಿಕ್ಕವು, ನಾಳೆಯೇ ಆಗಬಹುದಾದವು. ನಮ್ಮ ಸಂಘಗಳ ತಾಣದಲ್ಲಿ ಕಸೂತಿಯ ಹಿನ್ನೆಲೆ ಬೇಕಿದ್ದರೆ ಚಿತ್ರ ಮಾರುವ ತಾಣದಿಂದ ಚೌಕ ಇಳಿಸಿಕೊಳ್ಳುವ ಬದಲು ಹೊಲಿಯುವವರ ಸಹಕಾರ ಸಂಘಕ್ಕೆ ಹಣ ಕೊಟ್ಟು ಒಂದು ತುಂಡು ಹೊಲಿಸಬಹುದು. ಅದನ್ನು ಹೊಲಿದವರು, ಅವರು ಒಪ್ಪಿದರೆ, ಹೆಸರಿನೊಂದಿಗೆ, ಊರಿನೊಂದಿಗೆ, ತೆಗೆದುಕೊಂಡ ದಿನಗಳ ಲೆಕ್ಕದೊಂದಿಗೆ ಪುಟದ ಅಡಿಯಲ್ಲಿ ಕಾಣಿಸಿಕೊಳ್ಳಲಿ. ಚಿತ್ರ ತೆಗೆದವರಿಗೆ ನಾವು ಕೊಡುವ ಮನ್ನಣೆಯನ್ನು ಎಳೆ ಎಣಿಸಿದವರಿಗೂ ಕೊಡಲು ಯಾವ ಕಾನೂನೂ ಅಡ್ಡ ಬರುವುದಿಲ್ಲ. ಸೂಕ್‌ನ ಗೋಡೆಯ ಚಿತ್ರ ಬಳಸುವವರು ಅದರ ತೊಲೆ ಎಲ್ಲಿಂದ ಬಂತು ಎಂಬ ಒಂದು ಸಾಲನ್ನು ಬರೆಯಲಿ.

ಓದುವಿಕೆಯ ಪ್ರಶ್ನೆಯನ್ನೂ ಮರೆಯಬಾರದು. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ಅನುಪಾತದ ವ್ಯತ್ಯಾಸವಿರಬೇಕೆಂದು ಜಾಲತಾಣಗಳ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಕನ್ನಡ ಲಿಪಿಗೆ ಇದು ಇನ್ನಷ್ಟು ಮುಖ್ಯ. ನಮ್ಮಲ್ಲಿ ಪ, ಫ, ಷಗಳ ನಡುವೆ ಇರುವುದು ಒಂದು ಸಣ್ಣ ಗೆರೆ; ಒತ್ತಕ್ಷರಗಳು ಅಕ್ಷರದ ಕಾಲಬುಡದಲ್ಲಿ ಪುಟ್ಟದಾಗಿ ಕುಳಿತಿರುತ್ತವೆ. ದಟ್ಟವಾದ ಚಿತ್ತಾರದ ಮೇಲೆ ಅವು ಮುಳುಗಿಹೋಗುತ್ತವೆ. ಕಣ್ಣು ಮಸುಕಾದ ಹಿರಿಯರು, ಶಿಬಿರದ ಕೋಣೆಯಲ್ಲಿ ಬಿರುಕುಬಿಟ್ಟ ಮೊಬೈಲಿನಲ್ಲಿ ಓದುವ ಕೆಲಸಗಾರರು ಇದರಿಂದ ಮೊದಲು ಹೊರಗುಳಿಯುತ್ತಾರೆ. ವೇತನದ ನಿಯಮ, ದೂರವಾಣಿ ಸಂಖ್ಯೆ, ಕಾನೂನು ನೆರವಿನ ವಿವರಗಳನ್ನು ಪ್ರಕಟಿಸುವ ಪುಟದಲ್ಲಿ ನಾಡಿನ ಸೊಬಗಿಗಿಂತ ಬರಿಯ ಬಿಳಿ ಹಿನ್ನೆಲೆ ಹೆಚ್ಚು ಕನ್ನಡಪರವಾದದ್ದು.

ಉಳಿದ ಕೆಲಸ ದೊಡ್ಡದು, ನಿಧಾನದ್ದು. ನಾವು ವಲಸೆ ಬಂದ ದೇಶಗಳಲ್ಲಿ ನಮ್ಮ ಬದುಕು ಹಲವರ ದುಡಿಮೆಯೊಂದಿಗೆ ಹಾಸುಹೊಕ್ಕಾಗಿದೆ. ಆ ಹಲವರಲ್ಲಿ ನಮ್ಮ ಭಾಷೆಯವರೂ ಇದ್ದಾರೆ. ಅವರನ್ನು ನೋಡದಿರುವಂತೆ ನಮ್ಮ ಕಣ್ಣನ್ನು ಪಳಗಿಸಿದ್ದೇವೆ, ಬ್ರೌಸರ್ ಹೇಗೆ ಬೇರೇನೂ ಹೇಳದಿದ್ದರೆ ಅದೇ ಚೌಕವನ್ನು ಹಾಸುತ್ತ ಹೋಗುತ್ತದೆಯೋ ಹಾಗೆ. ಆ ಪುನರಾವರ್ತನೆ ನಿಲ್ಲಬೇಕಿದ್ದರೆ ಯಾರಾದರೂ ಬೇಡ ಎನ್ನಬೇಕು. ಮುಂದಿನ ಆಮಂತ್ರಣವನ್ನು ಅಚ್ಚಿಗೆ ಕಳುಹಿಸುವ ಮೊದಲು, ಇದರ ಹಿಂದಿರುವುದು ಯಾರ ಕೈ ಎಂದು ಸಮಿತಿಯ ಸಭೆಯಲ್ಲಿ ಒಬ್ಬರು ಕೇಳಿದರೂ ಸಾಕು. ಅಲ್ಲಿಂದ ಚರ್ಚೆ ಆರಂಭವಾಗುತ್ತದೆ.